ಕಂಟ್ರೋಲರ್ ದ್ಯಾವಪ್ಪ ಮತ್ತು ಮುಚ್ಚಿದ ಬಾಗಿಲು

ಶಹಾಪುರದ ಬಸ್ ನಿಲ್ದಾಣದಲ್ಲಿ ಒಂದು ಗಾಜಿನ ಕೋಣೆ ಇದೆ. ಅದರೊಳಗೆ ಒಂದು ಕುರ್ಚಿ, ಒಂದು ಮೈಕು, ಮೈಕಿನ ಹಿಂದೆ ಕಂಟ್ರೋಲರ್ ದ್ಯಾವಪ್ಪ. ಯಾವ ಬಸ್ಸು ಎಲ್ಲಿಂದ ಬಂತು, ಯಾವುದು ಎಲ್ಲಿಗೆ ಹೊರಟಿತು ಎಂದು ಕೂಗಿ ಹೇಳುವುದು ಅವನ ನೌಕರಿ. ನಿಜ ಹೇಳಬೇಕೆಂದರೆ ಮೈಕು ಅವನಿಗೆ ಬೇಕಾಗಿರಲಿಲ್ಲ. ಕೊಟ್ಟಿದ್ದಾರೆ, ಬೇಡವೆಂದರೆ ಮೇಲಿನವರಿಗೆ ಬೇಸರವಾದೀತು ಎಂದು ಇಟ್ಟುಕೊಂಡಿದ್ದ. ಕರೆಂಟು ಹೋದ ದಿನ ಕೋಣೆಯಿಂದ ಹೊರಗೆ ಬಂದು, ಎದೆ ತುಂಬ ಉಸಿರೆಳೆದು, ಸುರಪುರ ಮಾರ್ಗವಾಗಿ ಕೆಂಭಾವಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ ಎಂದು ಅವನು ಸಾರಿದರೆ, ಯಾದಗಿರಿಗೆ ಹೋಗಬೇಕಾದವರೂ ಗಾಬರಿಯಾಗಿ ಕೆಂಭಾವಿ ಬಸ್ಸು ಹತ್ತುತ್ತಿದ್ದರು. ಊರಾಚೆ ಬುದ್ಧ ಮಲಗಿದಂತೆ ಕಾಣುವ ಗುಡ್ಡವಿದೆಯಲ್ಲ, ದ್ಯಾವಪ್ಪ ಕೂಗಿದಾಗಲೂ ಎಚ್ಚರವಾಗದೆ ಮಲಗಿರುವವನು ಶಹಾಪುರದಲ್ಲಿ ಅವನೊಬ್ಬನೇ ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು.

ಈ ಗಂಟಲು ಹುಟ್ಟಿದ್ದು ಶಿರವಾಳದಲ್ಲಿ. ಅಪ್ಪ ಕಂಡವರ ಹೊಲದಲ್ಲಿ ದುಡಿಯುವಾಗ ಮಗ ಹಳೆಯ ಗುಡಿಗಳ ಸುತ್ತ ಎಮ್ಮೆ ಮೇಯಿಸುತ್ತಿದ್ದ. ಕಾಲುವೆ ದಾಟಿ ಭತ್ತದ ಗದ್ದೆಗೆ ನುಗ್ಗಿದ ಎಮ್ಮೆಯನ್ನು ಈ ದಡದಿಂದಲೇ ಕರೆದು ಕರೆದು ದನಿ ಪಳಗಿತು. ಮುಂದೆ ಅವನು ಕಂಡಕ್ಟರನಾಗಿ ಯಾದಗಿರಿ, ಶಹಾಪುರ, ಸುರಪುರದ ರಸ್ತೆಯನ್ನು ಅರ್ಧ ಆಯುಷ್ಯ ಸವೆಸಿದ. ಯಾವ ಊರಿನ ಯಾವ ಮಗಳು ಅಳುತ್ತ ಬಸ್ಸು ಹತ್ತಿದಳು, ಯಾವ ಅಳಿಯ ಮುಖ ಊದಿಸಿಕೊಂಡು ಇಳಿದ, ಎಲ್ಲವೂ ಅವನ ತಲೆಯಲ್ಲಿ ಭದ್ರವಾಗಿ ಕೂತಿತ್ತು. ಕಂಟ್ರೋಲರ್ ಆದ ಮೇಲಂತೂ ಅವನು ಬಸ್ಸಿನ ಹಿಂದೆ ಹೋಗಬೇಕಾಗಿಯೇ ಇರಲಿಲ್ಲ. ಇಡೀ ಜಿಲ್ಲೆಯೇ ಅವನ ಗಾಜಿನ ಮುಂದೆ ಬಂದು ಇಳಿಯುತ್ತಿತ್ತು.

ಆದರೆ ದ್ಯಾವಪ್ಪನ ಕೀರ್ತಿ ಇದ್ದದ್ದು ಬಸ್ಸಿನಲ್ಲಲ್ಲ, ಪ್ರಾರ್ಥನೆಯಲ್ಲಿ.

ಅಜ್ಜನ ಕಾಲಕ್ಕೇ ಅವನ ಮನೆತನ ಕ್ರೈಸ್ತ ಸಭೆಗೆ ಸೇರಿತ್ತು. ಭಾನುವಾರ ಚರ್ಚು, ಗುರುವಾರ ಸಂಜೆ ಮನೆಕೂಟ. ಮನೆಕೂಟವೆಂದರೆ ಸಭೆಯ ಕೆಲವು ಕುಟುಂಬಗಳು ವಾರಕ್ಕೊಂದು ಮನೆಯಲ್ಲಿ ಜಮಖಾನದ ಮೇಲೆ ದುಂಡಗೆ ಕೂತು, ಹಾಡಿ, ಸತ್ಯವೇದದ ಒಂದು ಭಾಗ ಓದಿ, ಅದರ ಮೇಲೆ ಮಾತಾಡಿ, ಕೊನೆಗೆ ಸರಪಳಿ ಪ್ರಾರ್ಥನೆ ಮಾಡುವುದು. ಒಬ್ಬರು ಮುಗಿಸಿದ ಕಡೆಯಿಂದ ಪಕ್ಕದವರು ಹಿಡಿದುಕೊಳ್ಳಬೇಕು, ಕೊಂಡಿ ಕಳಚಬಾರದು. ಈ ಸರಪಳಿಯಲ್ಲಿ ದ್ಯಾವಪ್ಪನಿಗೆ ಯಾವಾಗಲೂ ಕೊನೆಯ ಜಾಗ. ಅದು ಗೌರವವೆಂದು ಅವನು ತಿಳಿದಿದ್ದ. ಅವನ ನಂತರ ಬೇರೆಯವರಿಗೆ ಹೊತ್ತು ಉಳಿಯುವುದಿಲ್ಲ ಎಂಬುದು ಉಳಿದವರ ತಿಳುವಳಿಕೆ.

ಅವನ ಪ್ರಾರ್ಥನೆ ಭೂಮ್ಯಾಕಾಶಗಳ ಸೃಷ್ಟಿಯಿಂದ ಹೊರಡುತ್ತಿತ್ತು. ದಿಲ್ಲಿಯಲ್ಲಿ ಸ್ವಲ್ಪ ನಿಂತು, ಬೆಂಗಳೂರಿನಲ್ಲಿ ಮಂತ್ರಿಗಳಿಗೆ ಬುದ್ಧಿ ಕೊಡಿಸಿ, ಯಾದಗಿರಿಯ ಆಫೀಸುಗಳನ್ನು ಸವರಿ, ಕಾಲುವೆಗೆ ನೀರು, ಹತ್ತಿಗೆ ಧಾರಣೆ ಬೇಡಿ, ಕೊನೆಗೆ ಶಹಾಪುರದ ಓಣಿಗಳಿಗೆ ಇಳಿಯುತ್ತಿತ್ತು. ಇಳಿದ ಮೇಲೆ ಮನೆ ಮನೆಗೂ ನಿಲುಗಡೆ. ಹೆಸರೊಂದನ್ನೇ ಹೇಳಿದರೆ ಆಶೀರ್ವಾದ ತಪ್ಪಿ ಬೇರೆ ಮನೆಗೆ ಹೋದೀತೆಂಬ ಭಯಕ್ಕೆ ದ್ಯಾವಪ್ಪ ದೇವರಿಗೆ ವಿಳಾಸ ಸಮೇತ ಹೇಳುತ್ತಿದ್ದ: ನೀರಿನ ಟಾಕಿಯ ಹಿಂದೆ, ನೀಲಿ ಬಾಗಿಲಿನ ಮನೆ, ಮೂಲವ್ಯಾಧಿಯಿಂದ ನರಳುತ್ತಿರುವ ನಿನ್ನ ದಾಸ. ಮರುದಿನ ಆ ದಾಸ ಪೇಟೆಗೆ ಬಂದರೆ ಎಲ್ಲರೂ ಅವನಿಗೆ ಮೆತ್ತನೆಯ ಜಾಗ ತೋರಿಸಿ ಕೂರಿಸುತ್ತಿದ್ದರು. ಚಹಾ ತಣ್ಣಗಾಗುತ್ತಿತ್ತು, ಒಗ್ಗರಣೆ ಹಾಕಿದ ಮಂಡಕ್ಕಿಯ ಸುಸಲ ಒಣಗುತ್ತಿತ್ತು, ಮಕ್ಕಳು ಮಡಿಲಲ್ಲಿ ನಿದ್ದೆ ಹೋಗುತ್ತಿದ್ದವು. ಹಿಟ್ಟಿನ ಗಿರಣಿಯ ಕರೆಮ್ಮ ಮಾತ್ರ ಒಂದು ಅಕ್ಷರವನ್ನೂ ಬಿಡದೆ ಕೇಳುತ್ತಿದ್ದಳು. ಅವಳು ಪೇಪರ್ ಓದಿದವಳಲ್ಲ. ಗುರುವಾರ ಕೇಳಿದ್ದು ಶುಕ್ರವಾರ ಅವಳ ಗಿರಣಿಯಲ್ಲಿ ಜೋಳದ ಜೊತೆ ನುಣ್ಣಗೆ ಬೀಸಿ ಮನೆ ಮನೆಗೆ ಹೋಗುತ್ತಿತ್ತು.

ಕೂಟ ನಡೆಸುವವನು ಸುನೀಲಕುಮಾರ ಎಂಬ ಪ್ರಾಥಮಿಕ ಶಾಲೆಯ ಮಾಸ್ತರ. ಮೆದು ಮಾತಿನವನು. ಅವನ ಪ್ರಾರ್ಥನೆ ಎರಡು ಮಾತಿಗೆ ಮುಗಿಯುತ್ತಿತ್ತು. ಊರೊಳಗೆ ಬಾರದೆ ಬೈಪಾಸಿನಲ್ಲೇ ಮಂದಿಯನ್ನು ಇಳಿಸಿ ಹೋಗುವ ಬಸ್ಸಿನ ಹಾಗೆ ಎಂದು ದ್ಯಾವಪ್ಪ ಹೆಂಡತಿ ಪರಿಮಳಾಳ ಮುಂದೆ ಮರುಗುತ್ತಿದ್ದ. ಈ ಸುನೀಲಕುಮಾರನೇ ಒಂದು ದಿನ, ಇನ್ನು ಮೇಲೆ ವಾರಕ್ಕೊಂದು ಹಾಗೆ ಸತ್ಯವೇದದಲ್ಲಿ ಯಾರು ಯಾರು ಹೇಗೆ ಪ್ರಾರ್ಥಿಸಿದರು ಎಂದು ಓದೋಣ ಎಂದ. ಊರಿನಲ್ಲಿ ಕುಸ್ತಿ ಕಲಿಸುತ್ತಾರಂತೆ ಎಂಬ ಸುದ್ದಿ ಕೇಳಿದ ಹಳೆಯ ಪೈಲ್ವಾನನ ಹಾಗೆ ದ್ಯಾವಪ್ಪ ಮುಗುಳ್ನಕ್ಕ. ಸೊಲೊಮೋನ ರಾಜನಿಂದ ಶುರುಮಾಡಬೇಕೆಂದು ಸೂಚಿಸಿದವನೂ ಅವನೇ. ದೇವಾಲಯ ಕಟ್ಟಿ ಮುಗಿಸಿದ ಸೊಲೊಮೋನ ಎಲ್ಲ ಜನರ ಎದುರು ಕೈಯೆತ್ತಿ ನಿಂತು ಮಾಡಿದ ಆ ದೊಡ್ಡ ಪ್ರಾರ್ಥನೆಯನ್ನು ಓದಿದ ಸಂಜೆ ದ್ಯಾವಪ್ಪ ತಾನೂ ಎದ್ದು ನಿಂತು ಕೈಯೆತ್ತಿದ. ಫ್ಯಾನು ಸ್ವಲ್ಪದರಲ್ಲಿ ತಪ್ಪಿತು. ಸೊಲೊಮೋನನಿಗಿಂತ ಎರಡು ನಿಲುಗಡೆ ಹೆಚ್ಚೇ ಮಾಡಿ ಕೂತ.

ಮುಂದಿನ ವಾರ ಓದುವ ಸರದಿ ಸತ್ಯವೇದದ ಹನ್ನಳ ಪ್ರಾರ್ಥನೆಯದ್ದು. ಕೂಟ ಮಲ್ಲಾಬಾಯಿಯ ಮನೆಯಲ್ಲಿ.

ಮಲ್ಲಾಬಾಯಿ ಶಾಲೆಯಲ್ಲಿ ಬಿಸಿಯೂಟ ಮಾಡುವ ವಿಧವೆ. ದ್ಯಾವಪ್ಪನನ್ನು ಅಣ್ಣ ಎನ್ನುತ್ತಿದ್ದಳು, ಅವನೂ ಒಡಹುಟ್ಟಿದವನ ಹಾಗೆಯೇ ನಡೆದುಕೊಂಡಿದ್ದ. ಅವಳ ಒಬ್ಬಳೇ ಮಗಳು ಪವಿತ್ರಾಳನ್ನು ಕೆಂಭಾವಿಗೆ ಕೊಡುವಾಗ ಮಾತುಕತೆಗೆ ಹೋದವನು ಅವನು. ಪವಿತ್ರಾ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಆ ವಾರದ ಶುರುವಿಗೆ ಕೆಂಭಾವಿ ಬಸ್ಸಿನಿಂದ ಪವಿತ್ರಾ ಇಳಿದಿದ್ದನ್ನು ದ್ಯಾವಪ್ಪ ಗಾಜಿನೊಳಗಿನಿಂದ ಕಂಡ. ತವರಿಗೆ ನಾಲ್ಕು ದಿನ ಬರುವ ಮಗಳ ಕೈಯಲ್ಲಿ ಬ್ಯಾಗಿರುತ್ತದೆ. ಇವಳ ಜೊತೆ ಟ್ರಂಕು ಇಳಿಯಿತು, ಟ್ರಂಕಿನ ಮೇಲೆ ಸುತ್ತಿಟ್ಟ ಕೌದಿಯೂ ಇಳಿಯಿತು. ಸಾಮಾನು ನೋಡಿ ಸಂಸಾರ ಹೇಳಬಲ್ಲ ಕಂಟ್ರೋಲರನಿಗೆ ಅಷ್ಟು ಸಾಕಾಗಿತ್ತು.

ಮರುದಿನ ಮಲ್ಲಾಬಾಯಿಯೇ ಗಾಜಿನ ಕೋಣೆಗೆ ಬಂದಳು. ಅಣ್ಣ ನೋಡಿದ್ದಾನೆ, ಮುಚ್ಚಿಟ್ಟು ಫಲವಿಲ್ಲ ಎಂದು ಅವಳಿಗೂ ಗೊತ್ತು. ಮದುವೆಯಾಗಿ ವರ್ಷಗಳಾದರೂ ಪವಿತ್ರಾಳಿಗೆ ಮಕ್ಕಳಾಗಿಲ್ಲ. ಮೈದುನನ ಕೂಸಿಗೆ ಹೆಸರಿಡುವ ದಿನ ಎಲ್ಲ ಹೆಂಗಸರೂ ತೊಟ್ಟಿಲು ತೂಗುತ್ತಿದ್ದರಂತೆ. ಪವಿತ್ರಾ ಕೈ ಚಾಚಿದಾಗ ಅತ್ತೆ, ತುಂಬಿದ ಮಂದಿಯಲ್ಲಿ, ನೀನು ಮುಟ್ಟಬೇಡ ಎಂದಳಂತೆ. ಪವಿತ್ರಾ ಜಗಳ ಮಾಡಲಿಲ್ಲ, ಅಳಲಿಲ್ಲ. ಮರುದಿನ ಟ್ರಂಕು ತೆಗೆದುಕೊಂಡು ಬಸ್ಸು ಹತ್ತಿದಳು. ಗಂಡ ಒಳ್ಳೆಯವನೇ, ದಿನಾ ಫೋನು ಮಾಡುತ್ತಾನೆ, ಆದರೆ ತಾಯಿಯ ಮುಂದೆ ಬಾಯಿಲ್ಲ. ಓಣಿಯವರಿಗೆ ಯಾವುದೋ ಪರೀಕ್ಷೆಯ ಕೋಚಿಂಗಿಗೆ ಬಂದಿದ್ದಾಳೆ ಎಂದು ಹೇಳಿದ್ದೇನೆ ಎಂದು ಮಲ್ಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾರ ಮುಂದೂ ಬಾಯಿ ಬಿಡಬ್ಯಾಡ ಅಣ್ಣಾ," ಎಂದಳು. "ದೇವರ ಮುಂದ ಇಡು. ಅಷ್ಟ ಸಾಕು."

ದ್ಯಾವಪ್ಪ ಎದೆ ಮುಟ್ಟಿ ಮಾತು ಕೊಟ್ಟ. ಗುರುವಾರದವರೆಗೆ ಆ ಮಾತನ್ನು ಅವನು ಕಾಪಾಡಿದ ರೀತಿಯನ್ನು ಲಾವಣಿ ಕಟ್ಟಿ ಹಾಡಬೇಕು. ಚಹಾದಂಗಡಿಯ ನಯೀಮ, ಏನು ಸಾಹೇಬ್ರೆ ಮುಖ ಬಿಗಿದೀರಿ ಎಂದು ಕೆಣಕಿದರೂ ತುಟಿ ಬಿಚ್ಚಲಿಲ್ಲ. ಪರಿಮಳಾ ಮಲ್ಲಾಬಾಯಿಯ ಹೆಸರೆತ್ತಿದಾಗ ಎದ್ದು ಹೋಗಿ ನೀರು ಕುಡಿದ. ಬೇರೆ ಬಸ್ಸುಗಳನ್ನು ದುಪ್ಪಟ್ಟು ಜೋರಾಗಿ ಕೂಗಿ ಹೊಟ್ಟೆಯ ಒತ್ತಡ ಇಳಿಸಿಕೊಂಡ. ದೇವರ ಮುಂದೆ ಇಡುವುದಕ್ಕೆ ಮಾತ್ರ ಗುರುವಾರವೇ ಬರಬೇಕು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ದೇವರ ಮುಂದೆ ಅವನು ಬೇರೆ ದಿನ ಏನನ್ನೂ ಇಟ್ಟವನಲ್ಲ.

ಆ ಸಂಜೆ ಪವಿತ್ರಾಳೂ ಕೂಟದಲ್ಲಿ ಇದ್ದಳು. ತಾಯಿ ಬಲವಂತಮಾಡಿ ಕೂರಿಸಿದ್ದಳು; ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಮೂಲೆಯಲ್ಲಿ ಕೂತಿದ್ದಳು. ಸುನೀಲಕುಮಾರ ಹನ್ನಳ ಕತೆ ಹೇಳಿದ. ಮಕ್ಕಳಿಲ್ಲದ ಹನ್ನಳನ್ನು ಸವತಿ ಊಟದ ಹೊತ್ತಿಗೇ ಚುಚ್ಚುತ್ತಿದ್ದಳು. ಹನ್ನಳು ಎದ್ದು ಹೋಗಿ ದೇವರ ಸನ್ನಿಧಿಯಲ್ಲಿ ಪ್ರಾರ್ಥಿಸಿದಳು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಬಾಗಿಲ ಬಳಿ ಕೂತಿದ್ದ ಮುದಿ ಯಾಜಕ ಏಲಿ, ಇವಳು ಕುಡಿದು ಬಂದಿದ್ದಾಳೆಂದು ಗದರಿದ. ಆಕೆ ಯಾಕೆ ದನಿ ತೆಗೆಯಲಿಲ್ಲ ಎಂದು ಸುನೀಲಕುಮಾರ ಎಲ್ಲರನ್ನೂ ಕೇಳಿದ. ಕರೆಮ್ಮ, ಅತ್ತು ಗಂಟಲು ಕಟ್ಟಿರಬೇಕು ಎಂದಳು. ಪರಿಮಳಾ, ದುಃಖಕ್ಕೆ ಮಾತು ಸಾಲುವುದಿಲ್ಲ ಎಂದಳು. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಪವಿತ್ರಾ ಮೆಲ್ಲಗೆ ಹೇಳಿದಳು:

"ಸುತ್ತ ಕೇಳೋರು ಭಾಳ ಇದ್ರು ಅಂತ ಕಾಣಸ್ತದ್ರಿ."

ಬುದ್ಧಿಯಿದ್ದವನಿಗೆ ಈ ಒಂದು ಮಾತು ಸಾಕಿತ್ತು. ದ್ಯಾವಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಆಗ ತನ್ನ ಪ್ರಾರ್ಥನೆಗೆ ಹನ್ನಳನ್ನು ಎಲ್ಲಿ ಜೋಡಿಸುವುದು ಎಂದು ಮನಸ್ಸಿನಲ್ಲಿ ದಾರಿ ಹಾಕುತ್ತಿದ್ದ.

ಸರಪಳಿ ಸುತ್ತಿ ಅವನ ಬಳಿಗೆ ಬಂತು. ಎಲ್ಲರ ಕಣ್ಣೂ ಮುಚ್ಚಿದ್ದವು. ಆ ದಿನ ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ಬಸ್ಸು ನಿಲ್ಲಲಿಲ್ಲ. ನೇರವಾಗಿ ಆ ಮನೆಯ ಅಂಗಳಕ್ಕೇ ಬಂದು ಇಳಿಯಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ, ಕಣ್ಣಲ್ಲಿ ನೀರೂ ಇತ್ತು. ಅದೇ ಕೆಟ್ಟದ್ದು.

"ಹನ್ನಳನ್ನು ನೆನೆಸಿದ ಕರ್ತನೇ, ಈ ಮನೆಯ ಮಗಳು ಪವಿತ್ರಾಳನ್ನೂ ನೆನೆಸು. ಕೆಂಭಾವಿ ಬಸ್ಸಿಗೆ ಟ್ರಂಕು, ಕೌದಿ ಸಮೇತ ಬಂದಿಳಿದಿದ್ದಾಳೆ. ಕೋಚಿಂಗಿಗೆ ಬಂದವಳಲ್ಲ, ಅದು ನಿನಗೆ ಗೊತ್ತು. ಕೂಸಿನ ತೊಟ್ಟಿಲು ಮುಟ್ಟಬೇಡ ಎಂದು ಅತ್ತೆಯ ಬಾಯಲ್ಲಿ ಅನ್ನಿಸಿಕೊಂಡು ಬಂದ ಈ ಬಂಜೆಯ ಗರ್ಭವನ್ನು..."

ನಡುವೆ ಎಲ್ಲೋ ಒಂದು ಚಿಲಕ ಬಿದ್ದ ಸದ್ದಾಯಿತು. ಸ್ವರ್ಗದಿಂದ ಉತ್ತರ ಬಂತೆಂದು ತಿಳಿದನೋ ಏನೋ, ದ್ಯಾವಪ್ಪನ ದನಿ ಇನ್ನಷ್ಟು ಏರಿತು. ಕೆಂಭಾವಿಯ ಗಂಡನ ಬಾಯಿಲ್ಲದ ಸ್ವಭಾವಕ್ಕೂ ಒಂದು ನಿಲುಗಡೆ ಕೊಟ್ಟು, ಆಮೆನ್ ಎಂದು ಕಣ್ಣು ತೆರೆದ. ಮೂಲೆಯ ಜಾಗ ಖಾಲಿ ಇತ್ತು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಯಾರೂ ಆಮೆನ್ ಅನ್ನಲಿಲ್ಲ.

ಮಲ್ಲಾಬಾಯಿ ಎದ್ದು ಚಹಾ ತಂದಳು. ಎಲ್ಲರಿಗೂ ಕೊಟ್ಟ ಮೇಲೆ ಕೊನೆಗೆ ದ್ಯಾವಪ್ಪನಿಗೂ ಕೊಟ್ಟಳು. ಅವನಿಗೆ ಯಾವಾಗಲೂ ಹಾಕುವಂತೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದ್ದಳು. ಮುಖ ನೋಡದಿದ್ದರೂ ಕೈ ರೂಢಿ ಬಿಟ್ಟಿರಲಿಲ್ಲ. ದ್ಯಾವಪ್ಪ ಒಂದು ಗುಟುಕು ಕುಡಿದು ಕಪ್ಪನ್ನು ಕೆಳಗಿಟ್ಟ. ಕರೆಮ್ಮ ಅರ್ಧ ಕಪ್ಪಿಗೇ ಎದ್ದು, ಗಿರಣಿಯ ಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿದಳು.

ದಾರಿಯುದ್ದಕ್ಕೂ ಪರಿಮಳಾ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆ ಹೊಕ್ಕ ಮೇಲೆ ದ್ಯಾವಪ್ಪನೇ ಶುರುಮಾಡಿದ. ತಾನು ಒಬ್ಬ ಮನುಷ್ಯನ ಮುಂದೆಯೂ ಬಾಯಿ ಬಿಟ್ಟಿಲ್ಲ, ಮಲ್ಲಾಬಾಯಿ ಹೇಳಿದಂತೆ ದೇವರ ಮುಂದೆ ಮಾತ್ರ ಇಟ್ಟಿದ್ದೇನೆ ಎಂದು ನ್ಯಾಯವಾದಿಯ ಹಾಗೆ ವಾದಿಸಿದ. ಪರಿಮಳಾ ರೊಟ್ಟಿಯ ಬುಟ್ಟಿಯನ್ನು ಅವನ ಮುಂದಿಟ್ಟಳು.

"ದೇವರಿಗೆ ಕಿವಿ ಮಂದ ಅದಾವೇನ್ರಿ?" ಎಂದಳು.

ಆಗ ದ್ಯಾವಪ್ಪನಿಗೆ ನಾಚಿಕೆಯೆಂಬುದು ಮೊದಲ ಸಲ ಮೈಗೆ ಹತ್ತಿತು. ಹತ್ತಿದ್ದು ಇಳಿಯಲಿಲ್ಲ.

ಮರುದಿನ ಗಿರಣಿ ಬೀಸಿತು. ಕೆಂಭಾವಿಗೆ ಹೋಗುವ ಮೊದಲ ಬಸ್ಸಿನಲ್ಲಿ ಸುದ್ದಿಯೂ ಹತ್ತಿ ಕೂತಿತು, ಆ ಬಸ್ಸನ್ನು ಬಾಯಾರೆ ಕೂಗಿ ಕಳಿಸಿದವನು ದ್ಯಾವಪ್ಪನೇ. ಮಧ್ಯಾಹ್ನಕ್ಕೆ ಪವಿತ್ರಾಳ ಅತ್ತೆ ಮಲ್ಲಾಬಾಯಿಗೆ ಫೋನು ಮಾಡಿ, ದೇವರ ಹೆಸರಿನಲ್ಲಿ ನಮ್ಮ ಮನೆಯ ಮಾನ ಹರಾಜು ಹಾಕಿದಿರಿ ಎಂದು ಕೂಗಾಡಿದಳು. ಓಣಿಯ ನಳದ ಬಳಿ ಹೆಂಗಸರು ಪವಿತ್ರಾಳನ್ನು ಚುಚ್ಚಲಿಲ್ಲ, ಅಯ್ಯೋ ಎಂದರು. ಒಬ್ಬಳು ಯಾವುದೋ ಬೇರು ಹೇಳಿದಳು, ಇನ್ನೊಬ್ಬಳು ಕಲಬುರಗಿಯ ಡಾಕ್ಟರನ್ನು ಹೇಳಿದಳು. ಪವಿತ್ರಾ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಒಳಕೋಣೆಯ ಚಿಲಕ ಹಾಕಿಕೊಂಡಳು. ಊಟಕ್ಕೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹೊರಗಿನವರ ಮುಖ ನೋಡುವುದನ್ನೇ ಬಿಟ್ಟಳು.

ಆ ಬಾಗಿಲು ತೆರೆಸದೆ ತನಗೆ ಬದುಕಿಲ್ಲ ಎಂದು ದ್ಯಾವಪ್ಪ ನಿರ್ಧರಿಸಿದ. ಶೂರರು ಕೋಟೆಗೆ ಲಗ್ಗೆ ಹಾಕುವಂತೆ, ಸೀತಾಫಲದ ಬುಟ್ಟಿ ಹೊತ್ತು ಹೊರಟ. ಮಲ್ಲಾಬಾಯಿ ಕೂರು ಅಂದಳು, ಬಿಸಿಲಿನ ಬಗ್ಗೆ ಮಾತಾಡಿದಳು, ಬೇಳೆ ಆರಿಸುತ್ತ ಕೂತಳು. ಕೊನೆಗೆ ಅವನು ಮುಚ್ಚಿದ ಬಾಗಿಲಿನ ಕಡೆಗೇ ತಿರುಗಿ ತಪ್ಪೊಪ್ಪಿಗೆ ಶುರುಮಾಡಿದ. ಶುರುವಿನಲ್ಲಿ ಮಾತು ಮೆದುವಾಗಿಯೇ ಇತ್ತು. ಪವಿತ್ರವ್ವಾ, ತಪ್ಪಾತು, ಎಂದ. ಆದರೆ ಒಳಗಿನಿಂದ ಸದ್ದು ಬಾರದಿದ್ದಾಗ ಹಳೆಯ ಚಾಳಿ ತಲೆಯೆತ್ತಿತು. ದನಿ ಏರಿತು. ಎಲ್ಲಿಂದಲೋ ಕರ್ತನೇ ಎಂಬ ಮಾತೂ ಬಂದು ಸೇರಿಕೊಂಡಿತು. ಬಂಜೆ ಎಂದ ನನ್ನ ನಾಲಿಗೆಯನ್ನು, ತೊಟ್ಟಿಲಿನ ವಿಷಯ ಎತ್ತಿದ ನನ್ನ ಬಾಯಿಯನ್ನು, ಎಂದು ಅವನು ಒಂದೊಂದಾಗಿ ಸಾರುವಷ್ಟರಲ್ಲಿ ಓಣಿಯ ಮಂದಿ ಕಟ್ಟೆಗೆ ಬಂದು ಕೂತಿದ್ದರು. ಗುರುವಾರ ತಪ್ಪಿಸಿಕೊಂಡವರಿಗೂ ಕತೆ ಪೂರ್ತಿಯಾಗಿ ಸಿಕ್ಕಿತು. ಮಲ್ಲಾಬಾಯಿ ಬೇಳೆಯ ಮೊರ ಕೆಳಗಿಟ್ಟು ಕೈ ಮುಗಿದಳು.

"ಸಾಕು ಅಣ್ಣಾ, ಹೋಗು. ಇಷ್ಟ ಮಾಡಿದ್ದ ಸಾಕು."

ಮುಂದಿನ ಗುರುವಾರ ಅವನು ಕೂಟಕ್ಕೆ ಹೋದದ್ದು ಪರಿಮಳಾ ಎಳೆದುಕೊಂಡು ಹೋದದ್ದಕ್ಕೆ. ಮಲ್ಲಾಬಾಯಿ ಬಂದಿರಲಿಲ್ಲ. ಆ ವಾರ ಯೇಸು ಬೆಟ್ಟದ ಮೇಲೆ ಕೂತು ಪ್ರಾರ್ಥನೆಯ ಬಗ್ಗೆ ಬೋಧಿಸಿದ ಭಾಗ. ನಾಲ್ಕು ಮಂದಿ ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸಬೇಡಿ, ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿ, ಅಲ್ಲಿ ಕಾಣದಂತೆ ಇರುವ ತಂದೆಯ ಸಂಗಡ ಮಾತಾಡಿ. ಮಾತು ಹೆಚ್ಚಾದರೆ ದೇವರು ಹೆಚ್ಚು ಕೇಳುತ್ತಾನೆ ಅಂದುಕೊಳ್ಳಬೇಡಿ, ನಿಮಗೆ ಬೇಕಾದದ್ದು ಅವನಿಗೆ ಮೊದಲೇ ಗೊತ್ತು ಎಂಬುದು ಅದರ ಸಾರ. ದ್ಯಾವಪ್ಪ ಇದನ್ನು ಬಾಯಿಪಾಠ ಬಲ್ಲವನು. ಪ್ರಾರ್ಥನೆಯ ನಡುವೆ ಎಷ್ಟೋ ಸಲ ದೊಡ್ಡ ದನಿಯಲ್ಲಿ ಇದನ್ನೇ ಹೇಳಿದ್ದ. ಇಂದು ಒಂದೊಂದು ಮಾತೂ ಅವನನ್ನೇ ಹೆಸರು ಹಿಡಿದು ಕರೆದಂತಾಯಿತು. ನನಗಂತಲೇ ಆರಿಸಿದೆಯೇನು ಎಂದು ಓದು ಮುಗಿದ ಕೂಡಲೇ ಸುನೀಲಕುಮಾರನನ್ನು ಕೇಳಿದ. ಸುನೀಲಕುಮಾರ ಗಾಬರಿಯಾಗಿ, ಇಲ್ರಿ ಅಣ್ಣಾರೆ, ಇದರ ಸರದಿನೇ ಇತ್ತು ಎಂದ. ಸರಪಳಿಯಲ್ಲಿ ದ್ಯಾವಪ್ಪನ ಪಾಳಿ ಬಂದಾಗ ಬಾರದ ಬಸ್ಸಿಗೆ ಕಾದಂತೆ ಎಲ್ಲರೂ ಕಾದಿದ್ದರು. ಅವನು ಬಾಯಿ ತೆರೆಯಲಿಲ್ಲ. ಕರೆಮ್ಮ ಅವನ ಗಂಟಲಿನ ಸ್ವಸ್ಥತೆಗಾಗಿ ಪ್ರಾರ್ಥಿಸಿ ಕೊಂಡಿ ಹಾಕಿದಳು.

ಮಾರನೆಯ ದಿನ ರಜೆ. ದ್ಯಾವಪ್ಪ ಒಳಕೋಣೆಗೆ ಹೋಗಿ ಬಾಗಿಲು ಮುಚ್ಚುವುದೆಂದು ತೀರ್ಮಾನಿಸಿದ. ಅವನ ಮನೆಯಲ್ಲಿ ಬಾಗಿಲಿರುವ ಒಳಕೋಣೆ ಎಂದರೆ ಜೋಳದ ಚೀಲಗಳನ್ನು ಇಡುವುದು. ಚೀಲಗಳ ನಡುವೆ ಮೊಣಕಾಲೂರಿ, ಸರ್ವಶಕ್ತನಾದ ತಂದೆಯೇ ಎಂದ. ಆ ಸಣ್ಣ ಕೋಣೆಯಲ್ಲಿ ಆ ದನಿ ಗೋಡೆಗೆ ಬಡಿದು ಆಚೆಗೂ ಹೋಯಿತು. ಪಕ್ಕದ ಮನೆಯ ಮೌಲಾಬಿ ಗೋಡೆಯ ಮೇಲಿನಿಂದ, ಯಾರಿಗಾರ ಹುಷಾರಿಲ್ಲೇನು ಪರಿಮಳಕ್ಕಾ ಎಂದು ಕೇಳಿದಳು. ಅವನು ದನಿ ತಗ್ಗಿಸಿದ. ಪಿಸುಗುಟ್ಟಿದ. ಪಿಸುಮಾತಿನಲ್ಲಿ ಅವನ ದೊಡ್ಡ ದೊಡ್ಡ ವಾಕ್ಯಗಳು, ಹಬ್ಬ ಮುಗಿದ ಮೇಲಿನ ಪೆಂಡಾಲಿನಂತೆ ಜೋಲುಬಿದ್ದವು. ಒಂದು ಒಳ್ಳೆಯ ಸಾಲು ಹೊಳೆಯಿತು. ಹೊಳೆದ ಕೂಡಲೇ, ಇದನ್ನು ಸುನೀಲಕುಮಾರ ಕೇಳಬೇಕಿತ್ತು ಅನ್ನಿಸಿತು. ಅಲ್ಲಿಗೆ ಅವನು ಬೆಚ್ಚಿ ನಿಲ್ಲಿಸಿದ. ಬಾಯಿ ಮುಚ್ಚಿಕೊಂಡು ಹನ್ನಳ ಹಾಗೆ ತುಟಿ ಅಲುಗಿಸಿ ನೋಡಿದ. ತುಟಿ ಅಲುಗಿತು, ಅದರ ಹಿಂದೆ ಏನೂ ಬರಲಿಲ್ಲ. ಹೊರಗೆ ಬಂದಾಗ ಮೈಯೆಲ್ಲ ಜೋಳದ ಹೊಟ್ಟು.

ಪರಿಮಳಾ ಏನೂ ಕೇಳದೆ ಅವನ ತಲೆ ಒರೆಸಿದಳು. ಅವನೇ ಹೇಳಿದ:

"ಕೇಳೋರು ಇಲ್ದಿದ್ರ ನನಗ ಮಾತಽ ಬರವಲ್ವು ಪರಿಮಳಾ."

ಅವಳು ನಗುತ್ತಾಳೆ ಅಂದುಕೊಂಡಿದ್ದ. ಅವಳು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಮತ್ತೆ ಅವನು ಮಲ್ಲಾಬಾಯಿಯ ಮನೆಗೆ ಹೋದಾಗ ಕೈಯಲ್ಲಿ ಸೀತಾಫಲವಿರಲಿಲ್ಲ, ಬಾಯಲ್ಲಿ ಮಾತೂ ಇರಲಿಲ್ಲ. ಮಲ್ಲಾಬಾಯಿ ಶಾಲೆಯ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಅವನು ಎದುರು ಕೂತು ತಾನೂ ಆರಿಸತೊಡಗಿದ. ಕಣ್ಣಿನ ಚಷ್ಮಾ ಮರೆತು ಬಂದಿದ್ದನಾದ್ದರಿಂದ ಕಲ್ಲಿಗಿಂತ ಅಕ್ಕಿಯನ್ನೇ ಹೆಚ್ಚು ಆರಿಸಿ ಎಸೆಯುತ್ತಿದ್ದ. ಮಲ್ಲಾಬಾಯಿ ಅದನ್ನು ಹೆಕ್ಕಿ ಹೆಕ್ಕಿ ಮತ್ತೆ ಮೊರಕ್ಕೆ ಹಾಕುತ್ತಿದ್ದಳು. ಬೇಡ ಅನ್ನಲಿಲ್ಲ. ಹೊತ್ತು ಹೋಯಿತು. ಮನೆಯಲ್ಲಿ ಅಕ್ಕಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಒಳಗಿನಿಂದ ಪವಿತ್ರಾಳ ದನಿ ಬಂತು.

"ಯವ್ವಾ, ಮಾವ ಹ್ವಾದನೇನು?"

"ಇಲ್ಲ, ಇಲ್ಲೇ ಕುಂತಾನ."

"ಕುಂತು ಏನ್ ಮಾಡಾಕತ್ತಾನ?"

"ಅಕ್ಕಿ ಕೆಡಸಾಕತ್ತಾನ."

ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆಯಿತು. ಪವಿತ್ರಾ ಚೌಕಟ್ಟಿಗೆ ಒರಗಿ ಅವನನ್ನು ನೋಡಿದಳು. ಅಷ್ಟು ದಿನಗಳಲ್ಲಿ ಅವಳ ಮುಖ ಬಾಡಿತ್ತು, ಕಣ್ಣು ಮಾತ್ರ ಚೂಪಾಗಿದ್ದವು. ದ್ಯಾವಪ್ಪ ಮೊರದ ಮೇಲಿನಿಂದ ತಲೆಯೆತ್ತಲಿಲ್ಲ.

"ಈ ಗುರುವಾರ ಕೂಟ ನಿಮ್ಮ ಮನ್ಯಾಗ ಅಲ್ಲೇನ್ರಿ ಮಾವಾ? ನಾನೂ ಬರ್ತೀನಿ," ಎಂದಳು. "ನನ್ನ ವಿಷಯ ದೇವರ ಮುಂದ ಇಟ್ಟಂಗ ಅವತ್ತು ನಿಮ್ಮ ವಿಷಯ ಇಡ್ರಿ. ಅದೇ ದನೀಲೆ. ವಿಳಾಸ ಸಹಿತ."

ಬಾಗಿಲು ಮತ್ತೆ ಮುಚ್ಚಿತು. ಚಿಲಕ ಮಾತ್ರ ಬೀಳಲಿಲ್ಲ.

ದ್ಯಾವಪ್ಪ ಎಷ್ಟೋ ಮನೆಗಳನ್ನು ದೇವರ ಮುಂದೆ ಇಟ್ಟಿದ್ದ, ತನ್ನ ಮನೆಯನ್ನು ಎಂದೂ ಇಟ್ಟಿರಲಿಲ್ಲ; ಆ ನಿಲುಗಡೆ ಅವನ ದಾರಿಯಲ್ಲಿ ಇರಲೇ ಇಲ್ಲ. ಈಗ ಇಡುವುದಕ್ಕೆ ಒಂದು ವಿಷಯ ಹುಡುಕತೊಡಗಿದ. ಸಿಟ್ಟು ಬೇಗ ಬರುತ್ತದೆ ಎಂದು ಒಪ್ಪಿಕೊಳ್ಳಲೇ ಎಂದು ಪರಿಮಳಾಳನ್ನು ಕೇಳಿದ. ಅದು ಊರಿಗೇ ಗೊತ್ತು ಎಂದಳು. ಸಕ್ಕರೆ ಕಾಯಿಲೆಗೆ ಪಥ್ಯ ಮಾಡುತ್ತಿಲ್ಲ ಎನ್ನಲೇ ಎಂದ. ಅದು ಡಾಕ್ಟರಿಗೆ ಹೇಳಿರಿ ಎಂದಳು. ಒಂದೊಂದಾಗಿ ಅವನು ತಂದ ಹಗುರ ಪಾಪಗಳನ್ನೆಲ್ಲ ಅವಳು ತೂಕ ಸಾಲದು ಎಂದು ವಾಪಸು ಕಳಿಸಿದಳು. ಉಳಿದದ್ದು ಒಂದೇ. ಜೋಳದ ಕೋಣೆಯದ್ದು. ಅದನ್ನು ಹೇಳಿದರೆ ಅವನ ಕೀರ್ತಿಯ ಬೇರೇ ಕಿತ್ತು ಹೋಗುತ್ತಿತ್ತು. ಅದಕ್ಕೇ ಅದನ್ನೇ ಹೇಳಬೇಕು ಎಂದು ಇಬ್ಬರಿಗೂ ಗೊತ್ತಿತ್ತು.

ಗುರುವಾರ ಕರೆಮ್ಮ ಎಲ್ಲರಿಗಿಂತ ಮೊದಲೇ ಬಂದಳು. ಗಿರಣಿಗೆ ಬರುವ ಇಬ್ಬರನ್ನು ಜೊತೆಗೆ ಕರೆತಂದಿದ್ದಳು. ಮಲ್ಲಾಬಾಯಿ ಬಂದಳು. ಅವಳ ಹಿಂದೆ, ತಲೆಗೆ ಸೆರಗು ಹೊದ್ದು, ಓಣಿಯ ನಡುವೆ ಹಾದು, ಪವಿತ್ರಾ ಬಂದಳು. ಬಂದವಳು ಮೂಲೆ ಹುಡುಕದೆ ದ್ಯಾವಪ್ಪನ ಎದುರಿಗೇ ಕೂತಳು. ಓದಿದ್ದೇನು, ಸುನೀಲಕುಮಾರ ಹೇಳಿದ್ದೇನು, ದ್ಯಾವಪ್ಪನಿಗೆ ಒಂದೂ ತಿಳಿಯಲಿಲ್ಲ. ಸರಪಳಿ ಒಬ್ಬೊಬ್ಬರನ್ನೇ ದಾಟಿ ಅವನ ಕಡೆ ಬರುವುದನ್ನು, ರಸ್ತೆಯಲ್ಲಿ ನಿಂತ ದನವು ಎದುರಿಗೆ ಬರುವ ಲಾರಿಯನ್ನು ನೋಡುವಂತೆ ನೋಡುತ್ತಿದ್ದ. ಬಂತು. ಅವನು ಕಣ್ಣು ಮುಚ್ಚಿದ. ಸೃಷ್ಟಿ, ದಿಲ್ಲಿ, ಬೆಂಗಳೂರು ಯಾವುದೂ ನೆನಪಾಗಲಿಲ್ಲ. ಗಂಟಲಿನಲ್ಲೇ ಏನೋ ಗೊಣಗಿದ.

"ಕೇಳಸಲಿಲ್ರಿ ಮಾವಾ," ಎಂದಳು ಪವಿತ್ರಾ.

ಅವನು ಇನ್ನೊಮ್ಮೆ ಹೇಳಿದ. ಪಕ್ಕದಲ್ಲಿದ್ದ ಪರಿಮಳಾಳಿಗೆ ಕೇಳಿಸಿತು.

"ಕರೆಮ್ಮಾಯಿಗೆ ಕೇಳಸಿಲ್ಲ."

ಆಗ ದ್ಯಾವಪ್ಪ ಎದೆ ತುಂಬ ಉಸಿರೆಳೆದ. ಕರೆಂಟು ಹೋದ ದಿನದ ದನಿ ಅದು.

"ಕರ್ತನೇ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ದ್ಯಾವಪ್ಪ. ಮೌಲಾಬಿ ಮನೆಯ ಬಾಜೂಕ, ಬೇವಿನ ಗಿಡದ ಮನೆ. ಜೋಳದ ಖೋಲಿಗೆ ಹೋಗಿ ಬಾಗಿಲ ಮುಚ್ಚಿದ್ರ ನನಗ ಪ್ರಾರ್ಥನಿ ಬರಂಗಿಲ್ಲ. ಇಷ್ಟು ವರ್ಷ ನಿನಗ ಹೇಳ್ತೀನಿ ಅಂತ ಇವರಿಗೆ ಹೇಳ್ದೆ. ಪವಿತ್ರಾನ ವಿಷಯಾನೂ ಹಂಗೇ ಹೇಳ್ದೆ. ನಾಚಿಕಿ ಬಂದದ."

ಅಷ್ಟೇ. ಸುನೀಲಕುಮಾರನ ಪ್ರಾರ್ಥನೆಗಿಂತ ಸ್ವಲ್ಪ ಉದ್ದ. ಆದರೆ ಕೊನೆಗೆ ಆಮೆನ್ ಅನ್ನಲು ಎಲ್ಲರಿಗೂ ಅಳುಕು. ಆಮೆನ್ ಅಂದರೆ ಹೌದು ಹೌದು ಎಂದು ಒಪ್ಪಿದಂತಾಗುತ್ತದೆ, ಅನ್ನದಿದ್ದರೆ ಪ್ರಾರ್ಥನೆ ಮುಗಿಯುವುದಿಲ್ಲ. ಒಬ್ಬರ ಮುಖ ಒಬ್ಬರು ಕಣ್ಣು ಅರೆ ತೆರೆದು ನೋಡಿಕೊಂಡರು. ದ್ಯಾವಪ್ಪನ ಕಿವಿ ಕೆಂಪಾಗಿದ್ದವು. ಪವಿತ್ರಾ ಅವನನ್ನು ಸ್ವಲ್ಪ ಹೊತ್ತು ಹಾಗೆಯೇ ಕಾಯಿಸಿದಳು. ಆಮೇಲೆ ಆಮೆನ್ ಅಂದಳು. ಗೋಡೆಯ ಆಚೆಯಿಂದ ಮೌಲಾಬಿಯೂ ಆಮೀನ್ ಅಂದಳು.

ಮರುದಿನ ಬೆಳಿಗ್ಗೆ ಪವಿತ್ರಾ ನಳಕ್ಕೆ ನೀರಿಗೆ ಬಂದಳು. ಮೊನ್ನೆ ಬೇರು ಹೇಳಿದ್ದವಳು ಏನೋ ಕೇಳಲು ಬಾಯಿ ತೆರೆಯುವ ಮೊದಲೇ, ಕಂಟ್ರೋಲರ್ ಮಾವನ ಜೋಳದ ಖೋಲಿ ಸುದ್ದಿ ಕೇಳಿದಿಯೇನಕ್ಕಾ ಎಂದಳಂತೆ. ಆ ದಿನ ನಳದ ಬಳಿ ಬೇರೆ ಯಾವ ಸುದ್ದಿಗೂ ಜಾಗವಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನಯೀಮ ಚಹಾ ಕೊಡುವಾಗ ತುಟಿ ಕಚ್ಚಿ ನಗು ತಡೆದ. ದ್ಯಾವಪ್ಪ ಕಪ್ಪು ಹಿಡಿದು ಗಾಜಿನ ಕೋಣೆಯೊಳಗೆ, ಯಾರ ಕಣ್ಣಿಗೂ ಬೀಳದಂತೆ ಎಷ್ಟು ಕುಗ್ಗಬಹುದೋ ಅಷ್ಟು ಕುಗ್ಗಿ ಕೂತ. ಗಾಜಿನ ಕೋಣೆಯಲ್ಲಿ ಅದು ಆಗುವ ಕೆಲಸವಲ್ಲ. ಕೆಂಭಾವಿ ಬಸ್ಸಿನ ಹೊತ್ತಾಯಿತು. ಅವನು ಮೈಕಿಗೆ ಬಾಯಿ ಕೊಟ್ಟು ಹೇಳಿದ್ದು ಅವನಿಗೇ ಕೇಳಿಸಲಿಲ್ಲ. ಮುದುಕಿಯೊಬ್ಬಳು ಬಂದು ಗಾಜು ತಟ್ಟಿ, ಏನಂದ್ಯಪ್ಪಾ, ಇನ್ನೊಮ್ಮೆ ಹೇಳು ಎಂದಳು. ಅವನು ಇನ್ನೊಮ್ಮೆ ಹೇಳಿದ. ಬಸ್ಸು ಹಿಮ್ಮುಖವಾಗಿ ಹೊರಟು, ಕೋಣೆಯ ಮುಂದೆ ಬಂದು ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಮುಖದಲ್ಲಿ ಎಳ್ಳಷ್ಟೂ ನಗೆಯಿಲ್ಲದೆ, ತುಂಬು ವಿನಯದಿಂದ ಕೇಳಿದ:

"ಸಾಹೇಬ್ರೆ, ಬಾಗಿಲ ಮುಚ್ಚಲೇನ್ರಿ?"